ಪದಕಕ್ಕ ತೆರೀಲಾರದ ಬಾಗಿಲ

ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆಗಿ ಇನ್ನಾ ವಾರ ಆಗಿರಲಿಲ್ಲರಿ. ಭಾಲ್ಕಿ ಟೇಶನ್‌ದಾಗ ಇಳಿದ ಒಬ್ಬ ಫೌಜಿಗೆ ನನ್ನ ಬಂಡಿದಾಗ ಅವನೂರು ಚಿಂತಾಕಿಗೆ ಕರ್ಕೊಂಡು ಹೋದೆ. ಬರ್ಮಾ ಲಡಾಯಿದಾಗ ಒಬ್ಬನೇ ನೂರು ಮಂದಿಗಿ ಹೊಡ್ದಾಂವ. ಆಂವ ಹತ್ತೇ ಅಂದಿದ್ದ. ದಾರಿ ಉದ್ದ ಇತ್ತು, ನಾನೇ ಬೆಳಸಿದೆ.

ಅವನ ಖಾಕಿ ಕಂಡಿದ್ದೇ ತಡ, ಲೂಟಿ ಮಾಡೋ ರಜಾಕಾರರು ಮತ್ತ ಬಂದ್ರಂತ ಊರೆಲ್ಲ ಬಾಗಿಲ ಹಾಕ್ಕೊಂಡ್ತು. ಅವನ ಮನಿನೂ.

"ಯವ್ವಾ, ನಾ ನಿನ್ನ ಮಗ! ಪದಕ ಕೊಟ್ಟಾರ, ನೋಡು!"

"ಪದಕ ಯಾರ್ ಬೇಕಾದ್ರೂ ಹಚ್ಕೋತಾರ. ಕೊರಳಾಗಿನ ಲಿಂಗ ತೋರ್ಸು," ಒಳಗಿಂದ ಮುದುಕಿ ಅಂದಳು.

ವೀರ ಅಂಗಿ ಗುಂಡಿ ಬಿಚ್ಚಿ ಬಾಗಿಲ ಸಂದಿಗಿ ಲಿಂಗ ತೋರ್ಸಿದ. ಮುದುಕಿ ಬಾಗಿಲ ತೆಗದು ಮಗನಿಗಿ ಅಪ್ಕೊಂಡು ಅತ್ತಳು. ಆಮ್ಯಾಲ ನನ್ನ ಕಡಿ ತಿರುಗಿ, "ನಿಂದಪಾ?" ಅಂದಳು.

ನಂದು ನಮ್ಮ ಮನ್ಯಾಗ ಗೂಟಕ್ಕ ನೇತಾಡತಿತ್ತು. ಆಂವ ಒಳಗ ಸಜ್ಜಕ ಉಂಡ, ನಾ ಹೊರಗ ಎತ್ತಿನ ಜೋಡಿ ಕುಂತೆ.