ಒಂಬತ್ತನೇ ಸಾಲಿನ ಗಾಳಿಮರ

ಬೈತಖೋಲದ ಸುಗಂಧಾ ಮೀನು ಹರಾಜಿನಲ್ಲಿ ಬಾಯಿ ತೆಗೆದರೆ ದಲ್ಲಾಳಿಗಳೇ ದಾರಿ ಬಿಡುತ್ತಿದ್ದರು. ಅಂಥ ಗಟ್ಟಿಗಿತ್ತಿಗೆ ಸೊರಗಿದ್ದನ್ನು ಕಂಡರೆ ಮಾತ್ರ ಕರುಳು ಚುರ್ ಎನ್ನುತ್ತಿತ್ತು. ಕುಂಟು ಬೆಕ್ಕಿಗೆ ಬಂಗಡೆಯ ತಲೆ, ನೆರೆಮನೆಯ ಬಡಕಲು ಕೂಸಿಗೆ ಮೀನಿನ ನಡುತುಂಡು. ಕೇರಿಯವರು ಹೊಗಳುತ್ತಿದ್ದರು, ಅವಳಿಗೂ ಒಳಗೊಳಗೇ ಹೆಮ್ಮೆ ಇತ್ತು.

ಮಾರಾಟ ಮುಗಿಸಿ ಅವಳು ಕಾರವಾರದ ಹೊರಗಿನ ಮರಳುದಿಬ್ಬಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಗಾಳಿಮರದ ತಳಿ ಪರೀಕ್ಷೆ ನಡೆದಿತ್ತು. ಒಂದೊಂದು ಸಾಲಿಗೆ ಒಂದೊಂದು ತಾಯಿಮರದ ಬೀಜ. ಯಾವ ತಾಯಿಯ ಮಕ್ಕಳು ಬೇಗ ಬೆಳೆಯುತ್ತವೆ, ಯಾವುದರ ಮರ ಗಟ್ಟಿ ಎಂದು ನೋಡಿ, ಒಳ್ಳೆಯದನ್ನು ಆರಿಸಿ ರೈತರಿಗೆ ಕೊಡುವ ಯೋಚನೆ. ಪರೀಕ್ಷೆ ನಡೆಸುತ್ತಿದ್ದ ವಿಜ್ಞಾನಿ ವಿನುತಾ ಮೊದಲ ದಿನವೇ ಹೇಳಿದ್ದರು: ಎಲ್ಲಕ್ಕೂ ಒಂದೇ ಅಳತೆಯ ನೀರು, ಗೊಬ್ಬರ, ಹಿಂದೆ ಬೀಳುವುದು ಬೀಳಲಿ. ಹೆಣ್ಣಾದವಳು ಆಡುವ ಮಾತೇ ಇದು? ಎಂದು ಸುಗಂಧಾ ಮನಸ್ಸಿನಲ್ಲೇ ಬೈದುಕೊಂಡಳು.

ಹಿಂದೆ ಬಿದ್ದದ್ದು ಒಂಬತ್ತನೇ ಸಾಲು. ಅಕ್ಕಪಕ್ಕದವು ಸೊಂಟದೆತ್ತರ ಬಂದರೂ ಅದು ಮೊಣಕಾಲು ದಾಟಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಮಾರಿಹೋಗದೆ ಕೊಳೆತ ತಾರ್ಲೆ ಮೀನನ್ನು ತೆಂಗಿನ ಬುಡಕ್ಕೆ ಹಾಕುವ ಹಾಗೆ ಆ ಸಸಿಗಳ ಬುಡದಲ್ಲಿ ಹೂತಳು. ಒಮ್ಮೆಯಲ್ಲ, ಪ್ರತಿ ವರ್ಷವೂ. ಸಾಲು ಚಿಗುರಿತು, ಉಳಿದವನ್ನು ಹಿಂದೆ ಹಾಕಿತು. ವಿನುತಾ ಕೇಳಿದಾಗ ಎಲ್ಲಕ್ಕೂ ಒಂದೇ ಕೊಟ್ಟಿದ್ದೇನೆ ಎಂದುಬಿಟ್ಟಳು.

ನಾಲ್ಕು ವರ್ಷವಾದ ಮೇಲೆ ಮರಗಳನ್ನು ಅಳೆದರು. ಕಾಂಡ ಕೊರೆದು ಕಡ್ಡಿಯಷ್ಟು ಮರ ತೆಗೆದು ಗಟ್ಟಿತನವನ್ನೂ ನೋಡಿದರು. ಎರಡರಲ್ಲೂ ಒಂಬತ್ತನೆಯದೇ ಮುಂದು. ಅದರ ಸಸಿಗಳನ್ನೇ ಬೆಳೆಸಿ ಹಂಚುವುದೆಂದಾಯಿತು. ನೋಡಲು ಬಂದ ರೈತರಲ್ಲಿ ಅಂಕೋಲೆಯ ಮಾದು, ತನ್ನ ಗದ್ದೆಯಂಚಿಗೆಲ್ಲ ಇದನ್ನೇ ನೆಡುತ್ತೇನೆ ಎಂದ. ಆಗ ವಿನುತಾ ಸುಗಂಧಾಳ ಹೆಗಲ ಮೇಲೆ ಕೈಯಿಟ್ಟು, ಇವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರಿಂದಲೇ ಇಷ್ಟಾಯಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸುಗಂಧಾಳಿಗೆ. ನಂಬಿ ನೆಡುವ ಈ ಮಾದುವಿನ ಗದ್ದೆಗೆ ವರ್ಷವರ್ಷವೂ ಮೀನು ಹೊರುವವರು ಯಾರು?

"ಮೇಡಂ, ಆ ಸಾಲಿಗೆ ನಾ ಕದ್ದು ಮೀನ್ ಹಾಕ್ದೆ. ನೋಡೂಕಾಗ್ಲಿಲ್ಲ ನಂಗೆ."

ಚಪ್ಪಾಳೆ ನಿಂತಿತು. ಬೈದಿದ್ದರೆ ಎದುರು ನಿಲ್ಲುವುದು ಅವಳಿಗೆ ಗೊತ್ತಿತ್ತು. ವಿನುತಾ ಬೈಯಲಿಲ್ಲ.

"ಆ ಮರ ತಾನಾಗಿ ಹೇಗೆ ಬರ್ತಿತ್ತು ಅನ್ನೋದು ನಮಗೆ ಗೊತ್ತಾಗಲೇ ಇಲ್ವಲ್ಲ, ಸುಗಂಧಕ್ಕ," ಎಂದರು, ಅಷ್ಟೇ.

ಮುಂದಿನ ಮಳೆಗಾಲಕ್ಕೆ ಅವೇ ತಾಯಿಮರಗಳ ಬೀಜದಿಂದ ಮತ್ತೆ ಸಸಿ ಮಾಡಿ, ಮೊದಲಿನ ಹಾಗೇ ಸಾಲುಸಾಲಾಗಿ ನೆಟ್ಟರು. ನೀರಿನ ಕೊಡವನ್ನು ಮತ್ತೆ ಅವಳ ಕೈಗೇ ಕೊಟ್ಟರು. ಕೆಲಸದಿಂದ ತೆಗೆದಿದ್ದರೂ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಒಂಬತ್ತನೇ ಸಾಲಿನ ಸಸಿಗಳು ಈ ಸಲವೂ ಹಿಂದೆ ಬಿದ್ದವು. ಬುಟ್ಟಿಯಲ್ಲಿ ತಾರ್ಲೆ ಉಳಿದಿತ್ತು. ಸುಗಂಧಾ ಅಳತೆಯ ನೀರಷ್ಟೇ ಹಾಕಿ ಹತ್ತನೇ ಸಾಲಿಗೆ ಹೋದಳು. ತಿರುಗಿ ಆ ಸಸಿಗಳನ್ನು ನೋಡುವ ಮುಖ ಅವಳಿಗಿರಲಿಲ್ಲ.