ಒಳಗಿನಿಂದ ಹಾಕುವ ಚಿಲಕ

ಭೋಸರಿಯ ಸಿದ್ಧಾರೂಢ ಫೋಟೋ ಸ್ಟುಡಿಯೋದ ಹಿಂದೆ ಎರಡು ಖೋಲಿಯ ಒಂದು ಮನೆ. ಆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಒಂದೇ ಒಂದಿತ್ತು. ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಮನೆಯ ಸೊಸೆಗೆ ಸ್ನಾನವೆಂದರೆ ಅಡುಗೆಮನೆಯ ಮೂಲೆಯ ಮೋರಿಯಲ್ಲಿ, ಹಳೆ ಸೀರೆಯ ಪರದೆ ಎಳೆದುಕೊಂಡು, ಆಚೆ ಮೈದುನ ಚಹಾ ಕುಡಿಯುತ್ತಿರುವಾಗ ಈಚೆ ಸದ್ದಾಗದಂತೆ ಮೈಮೇಲೆ ನೀರು ಸುರಿದುಕೊಳ್ಳುವುದು. ಮಲಗುವುದು ಎಲ್ಲರೂ ಸಾಲಾಗಿ. ಪಾಯಖಾನೆ ಚಾಳಿನ ತುದಿಯಲ್ಲಿ, ಅಲ್ಲಿ ಬಾಲ್ದಿ ಹಿಡಿದು ನಿಂತವರ ಸರದಿ. ಅವೆರಡು ಖೋಲಿ ಬಿಟ್ಟರೆ ಉಳಿದದ್ದು, ಆ ಚಿಲಕದ ಬಾಗಿಲಿದ್ದ, ಹಿಂಭಾಗದ ಒಂದು ಸಣ್ಣ ಖೋಲಿ. ನಲ್ಲಿ ಇತ್ತು, ನೀರು ಹೋಗಲು ದಾರಿ ಇತ್ತು, ಕಿಟಕಿ ಇರಲಿಲ್ಲ. ಸ್ಟುಡಿಯೋದ ಮಾಲಕ ಗೂಳಪ್ಪ ಅದನ್ನು ಡಾರ್ಕ್ ರೂಮ್ ಮಾಡಿಕೊಂಡಿದ್ದ.

ಭಾಮಾ ಇಂಡಿ ಕಡೆಯಿಂದ ಗೂಳಪ್ಪನ ಹೆಂಡತಿಯಾಗಿ ಈ ಮನೆಗೆ ಬಂದಾಗ ಇನ್ನೂ ಹುಡುಗಿ. ಫಿಲ್ಮು ತೊಳೆಯಲು ತಾನೇ ಒಳಗೆ ಹೋದರೆ ಮುಂದೆ ಅಂಗಡಿಗೆ ಬಂದ ಗಿರಾಕಿಗಳು ಕಾಯದೆ ಹೋಗಿಬಿಡುತ್ತಾರೆ ಎಂದು ಗೂಳಪ್ಪ ಆ ಕೆಲಸವನ್ನು ಹೆಂಡತಿಗೆ ಕಲಿಸಿದ. "ಭಾಂಡೆ ತೊಳಿಯೂದು, ಅರಿವಿ ತೊಳಿಯೂದು ಬರ್ತದಲ್ಲ ನಿನಗ? ಇದೂ ಹಂಗ" ಎಂದ. ಕಲಿಸಿದ ಮೇಲೆ ಅವನು ಆ ಖೋಲಿಗೆ ಕಾಲಿಟ್ಟದ್ದು ಕಡಿಮೆ. ಆದರೆ ಮನೆಮಂದಿಗೆಲ್ಲ ಒಂದು ಕಟ್ಟಳೆ ಹಾಕಿಕೊಟ್ಟ.

"ಭಾಮಾ ಒಳಗಿದ್ದಾಗ ಯಾರೂ ಬಾಗಲಾ ಬಡೀಬ್ಯಾಡ್ರಿ, ಕರೀನೂಬ್ಯಾಡ್ರಿ. ಆಕಿ ಗಡಿಬಿಡಿ ಆಗಿ ಬಾಗಲಾ ತಗದ್ಲಂದ್ರ ಬೆಳಕ ಹೊಕ್ಕು ಫಿಲ್ಮಿನ್ಯಾಗಿನ ಅಷ್ಟೂ ಮಂದಿ ಮಾರಿ ಒಮ್ಮೆಲೇ ಸುಟ್ಟು ಹೋಗ್ತಾವ."

ಅವನ ತಾಯಿ ಪಾರವ್ವನಿಗೂ ಇದೇ ಮಾತು. "ಏನ್ ಮಡಿನೋ ಯವ್ವಾ, ದೇವರ ಖೋಲಿಗೂ ಇಷ್ಟಿಲ್ಲ" ಎಂದು ಆಕೆ ಗೊಣಗಿದಳು. ಗೊಣಗಿದಳೇ ಹೊರತು ಮೀರಲಿಲ್ಲ. ಸುಟ್ಟು ಹೋಗುವುದು ಮಗನ ದುಡಿಮೆಯಲ್ಲವೆ.

ತೊಂಬತ್ತರ ದಶಕದ ಆರಂಭದಲ್ಲಿ ಭೋಸರಿಯ ಕಾರ್ಖಾನೆಗಳಿಗೆ ದಿನವೂ ಹೊಸ ಆಳುಗಳು ಬಂದು ಸೇರುತ್ತಿದ್ದರು. ಗೇಟ್ ಪಾಸಿಗೆ, ಪಿಎಫ್ ಅರ್ಜಿಗೆ, ದವಾಖಾನೆಯ ಕಾರ್ಡಿಗೆ, ಎಲ್ಲದಕ್ಕೂ ಕಪ್ಪುಬಿಳುಪಿನ ಸಣ್ಣ ಫೋಟೋ ಬೇಕು. ಯಾದಗಿರಿಯ ಹುಡುಗರು, ಲಾತೂರಿನ ಹುಡುಗರು, ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿ ನಿಂತ ಗೌಂಡಿ ಕೆಲಸದ ಹೆಂಗಸರು. ಫಿಲ್ಮು ಉದ್ದುದ್ದ ಸುರುಳಿಯಾಗಿ ಡಬ್ಬಿಯಲ್ಲಿ ಬರುತ್ತಿತ್ತು, ಅಗ್ಗವಾಗಿಯೂ ಇತ್ತು. ಭಾಮಾ ಕಗ್ಗತ್ತಲಲ್ಲಿ ಕುಳಿತು ಅದನ್ನು ಹೂವಿನ ಮಾಲೆಯಂತೆ ಮೊಳ ಹಾಕಿ ಅಳೆದು, ಕತ್ತರಿಸಿ, ಖಾಲಿ ರೀಲುಗಳಿಗೆ ಸುತ್ತಿಕೊಡುತ್ತಿದ್ದಳು. ಗೂಳಪ್ಪ ಫೋಟೋ ತೆಗೆದ ರೋಲು ಮತ್ತೆ ಅವಳ ಬಳಿಗೇ ಬರುವುದು. ತೊಳೆದು, ಒಣಗಿಸಿ, ಕೆಂಪು ದೀಪದಡಿ ಕಾಗದದ ಮೇಲೆ ಮುಖಗಳನ್ನು ಇಳಿಸುವುದು. ಆ ನಡುವೆ ರೊಟ್ಟಿ, ಪಲ್ಯ, ಬಟ್ಟೆ, ಕೂಸು. ಪ್ರತಿ ಫೋಟೋದ ಬೆನ್ನಿಗೆ ಗೂಳಪ್ಪನ ಹೆಸರಿನ ಶಿಕ್ಕಾ ಬೀಳುತ್ತಿತ್ತು. ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ: "ಏನಿಲ್ರಿ, ಮನ್ಯಾಗ ಇರ್ತಾಳ."

ಕೆಲಸ ಮುಗಿದ ತಕ್ಷಣ ಹೊರಗೆ ಬರಲೇಬೇಕೆಂದೇನಿಲ್ಲ ಎಂಬುದು ಭಾಮಾಗೆ ಹೊಳೆದದ್ದು ಮಗಳು ಶೀತಲ್ ಇನ್ನೂ ಅಂಬೆಗಾಲಿಡುತ್ತಿದ್ದಾಗ. ಅಂದು ತೊಳೆದ ಫಿಲ್ಮುಗಳನ್ನು ದಾರಕ್ಕೆ ತೂಗುಹಾಕಿ, ಸೊಂಟ ಹಿಡಿದಿತ್ತೆಂದು ಬೋರಲು ಹಾಕಿದ ಬಾಲ್ದಿಯ ಮೇಲೆ ಕುಳಿತಳು. ಹೊರಗೆ ಕೂಸು ಅಳುತ್ತಿತ್ತು. ಯಾರೂ ಅವಳನ್ನು ಕರೆಯಲಿಲ್ಲ. ಪಾರವ್ವ ಎದ್ದು ಎತ್ತಿಕೊಂಡಳು, ಕೂಸು ಸುಮ್ಮನಾಯಿತು. ತಾನು ಎದ್ದು ಹೋಗದೆಯೂ ಒಂದು ಅಳು ನಿಲ್ಲಬಹುದು ಎಂಬುದು ಅವಳಿಗೆ ಎಷ್ಟು ಹೊಸದೆಂದರೆ, ಅವಳು ಅಲ್ಲೇ ಇನ್ನೊಂದಷ್ಟು ಹೊತ್ತು ಕುಳಿತಳು.

ಆ ಮೇಲೆ ಅದೇ ರೂಢಿಯಾಯಿತು. ಕೆಲವೊಮ್ಮೆ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಶೇಂಗಾ ಉಂಡಿ ತಿನ್ನುವಳು. ಕೆಲವೊಮ್ಮೆ ಅಳುವಳು. ಹೆಚ್ಚಾಗಿ ಏನೂ ಮಾಡುತ್ತಿರಲಿಲ್ಲ. ಹೊರಗೆ ಅಷ್ಟೊಂದು ಮಂದಿಯ ನಡುವೆ ಯಾರೂ ಇಲ್ಲದವಳ ಹಾಗೆ ಓಡಾಡುತ್ತಿದ್ದವಳು, ಆ ಕತ್ತಲಲ್ಲಿ ತನಗೆ ತಾನಾದರೂ ಇರುತ್ತಿದ್ದಳು.

ಆಮೇಲೆ ಬಣ್ಣ ಬಂತು. ಆಳಂದಿ ರಸ್ತೆಯಲ್ಲಿ ಗಾಜಿನ ಬಾಗಿಲಿನ ಕಲರ್ ಲ್ಯಾಬ್ ತೆರೆಯಿತು. ಕಾರ್ಖಾನೆಯವರು ಬಣ್ಣದ ಫೋಟೋ ಇದ್ದರೂ ನಡೆಯುತ್ತದೆ ಎಂದರು, ಬರಬರುತ್ತಾ ಬಣ್ಣದ್ದೇ ತನ್ನಿ ಎಂದರು. ಕಪ್ಪುಬಿಳುಪಿನ ಫಿಲ್ಮು ಡಬ್ಬಿಯಲ್ಲಿ ಬರುವುದು ನಿಂತು ಬಿಡಿ ರೋಲು ಮಾತ್ರ ಉಳಿಯಿತು. ಹೋದ ಸಲದ ಬೆಲೆ ಈ ಸಲ ಇರುತ್ತಿರಲಿಲ್ಲ.

"ಬಣ್ಣದ ರೋಲ್ ಕೊಟ್ರ ತಾಸಿನ್ಯಾಗ ಲ್ಯಾಬಿನವ ಕೈಗಿಡ್ತಾನ. ಈ ಕರೇ ಫಿಲ್ಮಿಗಿ ಅದರ ದುಪ್ಪಟ್ಟು ರೊಕ್ಕ. ಯಾರಿಗಿ ಬೇಕಾಗೇದ? ಸತ್ತವರ ಫೋಟೋನೂ ಈಗ ಬಣ್ಣದ್ದ ಮಾಡಿಕೊಡ್ರಿ ಅಂತಾರ ಮಂದಿ" ಎಂದ ಗೂಳಪ್ಪ.

"ರಾಂಜಣಗಾಂವದ ಕಂತ್ರಾಟದಾರ ಇನ್ನೂ ಇದನ್ನ ಕೇಳ್ತಾನಲ್ರಿ" ಎಂದಳು ಭಾಮಾ. "ನಿಮಗ ಪುಣೆಕ್ಕ ಹೋಗಲಿಕ್ಕೆ ಯಾಳೆ ಇಲ್ಲಂದ್ರ ನಾನ ಹೋಗಿ ತರ್ತೀನಿ."

ಗೂಳಪ್ಪನಿಗೆ ಅದು ಒಳ್ಳೆಯದೇ ಅನ್ನಿಸಿತು. ಭಾಮಾ ಬಸ್ಸು ಹಿಡಿದು ಮನಪಾ ಬಸ್ ಸ್ಟಾಂಡಿನಲ್ಲಿ ಇಳಿದು, ಹೊಳೆಯ ಸೇತುವೆ ದಾಟಿ, ಬುಧವಾರ ಪೇಟೆಯ ಅವಧೂತ ಕಾಕಾನ ಫೋಟೋ ಸಾಮಾನಿನ ಅಂಗಡಿಗೆ ನಡೆದು ಹೋಗತೊಡಗಿದಳು. ಮೊದಮೊದಲು ಫಿಲ್ಮು ಎದುರಿನ ಗಾಜಿನ ಕಪಾಟಿನಲ್ಲೇ ಇರುತ್ತಿತ್ತು. ಬರಬರುತ್ತಾ ಹಿಂದಿನ ಹಲಗೆಗೆ ಹೋಯಿತು. ಕೊನೆಗೆ ಕಾಕಾ ಬಗ್ಗಿ ಯಾವುದೋ ಡ್ರಾಯರ್ ಎಳೆದು ತೆಗೆಯಬೇಕಾಯಿತು.

"ತಾಈ, ಆತಾ ಘೇಣಾರ್ ಕೋಣ್?" ಎನ್ನುವನು. ಈಗ ಕೊಳ್ಳುವವರಾದರೂ ಯಾರು? ಹವ್ಯಾಸಕ್ಕೆ ಫೋಟೋ ತೆಗೆಯುವ ಕಾಲೇಜು ಹುಡುಗರು ಬರುತ್ತಾರಂತೆ, ಅವರು ಬೆಲೆ ಕೇಳುವುದಿಲ್ಲವಂತೆ. "ನಿಮಗೂ ಫೋಟೋದ ಹುಚ್ಚೇನು?" ಎಂದು ಒಮ್ಮೆ ಕೇಳಿದ. ಭಾಮಾ ನಕ್ಕಳು. ಇಷ್ಟು ವರ್ಷದಲ್ಲಿ ಅವಳು ಕ್ಯಾಮೆರಾ ಕಣ್ಣಿಗೆ ಹಿಡಿದವಳೇ ಅಲ್ಲ.

ರೋಲುಗಳು ಕಡಿಮೆಯಾದವು, ಅವಳು ಒಳಗಿರುವ ಹೊತ್ತು ಕಡಿಮೆಯಾಗಲಿಲ್ಲ. ತೊಳೆಯಲು ಏನೂ ಇಲ್ಲದ ದಿನ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಕೂರುವಳು. ಮೈದುನರು ಬೇರೆ ಮನೆ ಮಾಡಿ ಹೋಗಿ ಆಗಿತ್ತು. ಆದರೆ ಪಾರವ್ವ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ದಿನವಿಡೀ ಅವಳ ಬಾಯಲ್ಲಿ "ಭಾಮಾ". ನೀರು ಕೊಡು, ಮಗ್ಗುಲು ತಿರುಗಿಸು, ಫ್ಯಾನು ಹಚ್ಚು, ಫ್ಯಾನು ಆರಿಸು, ಬಂದವರು ಯಾರು. ಹಿಂದಿನ ಖೋಲಿಯ ಚಿಲಕ ಬಿದ್ದ ಸದ್ದು ಕೇಳಿದರೆ ಮಾತ್ರ ಮುದುಕಿ ಸುಮ್ಮನಾಗುತ್ತಿದ್ದಳು.

ಶೀತಲ್‌ಗೆ ವಿಮಾನ ನಗರದ ಒಂದು ಕಾಲ್ ಸೆಂಟರಿನಲ್ಲಿ ನೌಕರಿಯಾಯಿತು. ಒಳ್ಳೆಯ ಹುಡುಗಿ. ಕೈಗೆ ನಾಲ್ಕು ಕಾಸು ಕೂಡಿದಾಗ ಅವಳಿಗೆ ಮೊದಲು ನೆನಪಾದದ್ದು ಅವ್ವನ ಬೆನ್ನು.

"ಅವ್ವಾ, ವಾಷಿಂಗ್ ಮಷೀನ್ ತರಾಕತ್ತೀನಿ. ಇನ್ನ ಬಗ್ಗಿ ಬಗ್ಗಿ ಒಗಿಯೂದು ಬಂದ್" ಎಂದಳು.

"ಎಲ್ಲಿ ಇಡ್ತಿ?"

"ಹಿಂದಿನ ಖೋಲಿ ಅದಲ್ಲ. ನಳ ಅದ, ನೀರು ಹೋಗಾಕ ದಾರಿ ಅದ. ಬ್ಯಾರೆ ಎಲ್ಲಿ ಜಾಗಾ ಅದ?"

"ಅಲ್ಲಿ ಫಿಲ್ಮು ತೊಳಿಬೇಕಲ್ಲವಾ."

"ಯಾವ ಫಿಲ್ಮವ್ವಾ? ಪಪ್ಪಾ ಡಿಜಿಟಲ್ ಕ್ಯಾಮೆರಾ ತಗೊಂಡು ಯಾವ ಕಾಲ ಆತು!"

ಗೂಳಪ್ಪ ಪೇಪರಿನಿಂದ ತಲೆ ಎತ್ತಿ ನ್ಯಾಯ ಹೇಳಿದ. "ಆಕಿ ಕೈಯಾಗಿನ ಕೆಲಸ ಯಾಕ ಬಿಡಿಸ್ತಿ? ಫಿಲ್ಮ್ ಸಿಗೂ ತನಕ ಖೋಲಿ ಆಕಿಗಿರಲಿ. ಸಿಗೂದು ನಿಂತ ಮ್ಯಾಲ ಮಷೀನ್ ಇಡು."

ಮಗಳ ಪ್ರೀತಿಗೆ ಬೇಡ ಎನ್ನಲು ಭಾಮಾಗೆ ಬಾಯಿ ಬರಲಿಲ್ಲ. ಆದರೆ ಗಂಡ ಕೊಟ್ಟ ಮಾತೊಂದು ಕೈಯಲ್ಲಿತ್ತು. ಹಬ್ಬಕ್ಕೆಂದು ಎತ್ತಿಟ್ಟಿದ್ದ ದುಡ್ಡನ್ನು ತೆಗೆದುಕೊಂಡು, ಸಿಕ್ಕಷ್ಟೂ ರೋಲು ತಂದಿಟ್ಟುಕೊಳ್ಳುವುದೆಂದು ಬಸ್ಸು ಹತ್ತಿದಳು.

ಅವಧೂತ ಕಾಕಾನ ಅಂಗಡಿಯ ಮುಂದೆ ಮೊಬೈಲ್ ಕಂಪನಿಯ ಬೋರ್ಡು ಹೊಳೆಯುತ್ತಿತ್ತು. ಕಾಕಾ ಅವಳನ್ನು ಕಂಡೊಡನೆ ಇಲ್ಲವೆಂಬಂತೆ ಕೈಯಾಡಿಸಿದ. ಮಾಲು ಬರುವುದೇ ನಿಂತಿದೆ ಎಂದ. ಭಾಮಾ ಅಲ್ಲಿಂದ ಕದಲದಿರುವುದನ್ನು ನೋಡಿ ಕ್ಯಾಂಪ್ ಪ್ರದೇಶದ ಅಂಗಡಿಯೊಂದಕ್ಕೆ ಫೋನು ಮಾಡಿದ. ಅವರಲ್ಲೂ ಇಲ್ಲ. ಮುಂಬಯಿಯಿಂದ ತರಿಸಬಹುದು, ವಿದೇಶಿ ಮಾಲು, ಅದೂ ಇಡೀ ಪೆಟ್ಟಿಗೆಯೇ ಕೊಳ್ಳಬೇಕು ಎಂದು ಹೇಳಿ ಬೆಲೆ ಹೇಳಿದ. ಭಾಮಾ ಇನ್ನೊಮ್ಮೆ ಕೇಳಿದಳು. ಒಂದು ರೋಲಿನ ದುಡ್ಡಿನಲ್ಲಿ ಮನೆಗೆ ವಾರದ ಕಾಯಿಪಲ್ಯ ಬರುತ್ತಿತ್ತು.

ಅವಳು ತಿರುಗಿದಾಗ ಕಾಕಾನಿಗೆ ಏನನ್ನಿಸಿತೋ, ಡ್ರಾಯರ್ ತಡಕಿ ಒಂದೇ ಒಂದು ರೋಲು ತೆಗೆದ. ತಾರೀಖು ಎಂದೋ ಮುಗಿದುಹೋಗಿದೆ, ಚಿತ್ರ ಬಂದರೂ ಬಂತು ಬರದಿದ್ದರೂ ಇಲ್ಲ, ದುಡ್ಡು ಬೇಡ ಎಂದ. ಭಾಮಾ ಅದನ್ನು ಚೀಲದ ತಳಕ್ಕೆ ಇಳಿಸಿಕೊಂಡು ಬಂದಳು.

ಮನೆಗೆ ಬಂದರೆ ಹಿಂದಿನ ಖೋಲಿಯ ಬಾಗಿಲು ಹೊರಗೆ ಬಿಸಿಲಲ್ಲಿ ಗೋಡೆಗೆ ಒರಗಿ ನಿಂತಿತ್ತು. ಮಷೀನು ಹೇಳಿದ್ದಕ್ಕಿಂತ ಮೊದಲೇ ಬಂದಿತ್ತು. ಚೌಕಟ್ಟು ಇಕ್ಕಟ್ಟೆಂದು ಕೂಡಿಸಲು ಬಂದವರು ಬಾಗಿಲನ್ನೇ ಕಳಚಿಟ್ಟು ಮಷೀನನ್ನು ಒಳಗೆ ಒಯ್ದಿದ್ದರು. ಟ್ರೇಗಳು, ಫೋಟೋ ದೊಡ್ಡದು ಮಾಡುವ ಯಂತ್ರ, ಕೆಂಪು ದೀಪ, ಎಲ್ಲ ಒಂದು ಗೋಣಿಚೀಲ ಸೇರಿದ್ದವು.

"ಫಿಲ್ಮ್ ಸಿಗಲಿಲ್ಲ, ಹೌದಲ್ಲೋ?" ಎಂದ ಗೂಳಪ್ಪ.

"ಒಂದು ಸಿಕ್ಕದ" ಎಂದು ಭಾಮಾ ರೋಲನ್ನು ಅಂಗೈಯಲ್ಲಿಟ್ಟು ತೋರಿಸಿದಳು.

ಶೀತಲ್ ಬಿದ್ದು ಬಿದ್ದು ನಕ್ಕು ಅವ್ವನನ್ನು ತಬ್ಬಿಕೊಂಡಳು. "ಒಂದ್ ರೋಲಿಗಿ ಒಂದ್ ಖೋಲಿ ಬೇಕೇನವ್ವಾ ನಿನಗ!"

ಮಷೀನು ಚೆನ್ನಾಗಿ ಒಗೆಯಿತು. ಅದರಲ್ಲಿ ಸುಳ್ಳಿಲ್ಲ. ಬಟ್ಟೆಯಿಂದ ಉಳಿದ ಹೊತ್ತನ್ನು ಪಾರವ್ವನ ಕೂಗು ತುಂಬಿಕೊಂಡಿತು. ಭಾಮಾ ಒಮ್ಮೆ ಬಾಗಿಲನ್ನು ತಾನೇ ಕೂಡಿಸಲು ನೋಡಿದಳು. ಒಬ್ಬರು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ತಿರುಗಿಸಬೇಕು. ಒಬ್ಬಳೇ ಇರಲು ಇನ್ನೊಬ್ಬರ ಕೈ ಬೇಕಾಗಿತ್ತು. ಭಾನುವಾರ ಊಟಕ್ಕೆ ಬಡಿಸುತ್ತಾ ಕೇಳಿದಳು.

"ಆ ಖೋಲಿಗಿ ಬಾಗಲಾ ಹಚ್ಚಿಕೊಡ್ರಿ."

"ಮಷೀನಿಗ್ಯಾಕ ಬಾಗಲಾ? ಗಾಳಿ ಆಡ್ಲಿ ಬಿಡು."

"ಮಷೀನಿಗಲ್ರಿ. ನನಗ."

"ಒಳಗ ಏನ್ ಮಾಡ್ತಿ ಈಗ?"

"ಏನೂ ಮಾಡೂದಿಲ್ಲ. ಸುಮ್ನ ಕೂಡ್ತೀನಿ. ಮೊದಲೂ ಕೂಡ್ತಿದ್ನಲ್ಲ."

ಗೂಳಪ್ಪನ ಕೈಯ ತುತ್ತು ತಟ್ಟೆಗೆ ಮರಳಿತು. "ಮೊದಲೂ ಅಂದ್ರ?"

ಭಾಮಾ ಹೇಳಿದಳು. ತೊಳೆದದ್ದು, ಆಮೇಲೆ ಕೂತದ್ದು, ನಲ್ಲಿ ಸಣ್ಣಗೆ ಬಿಟ್ಟದ್ದು. ಹೇಳಿದರೆ ತಿಳಿಯುತ್ತದೆ ಎಂದುಕೊಂಡಿದ್ದಳು. ಗೂಳಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ.

"ಅಂದ್ರ ಇಷ್ಟು ವರ್ಷ ಚಿಲಕಾ ಹಾಕ್ಕೊಂಡು ಸುಮ್ನ ಕುಂತಿದ್ದಿ. ನಾ ಹೊರಗ ಮಂದೀನ ಬಾಯಿ ಮುಚ್ಚಿಸಿ ಕಾಯ್ತಿದ್ದೆ."

"ಅಷ್ಟೂ ಮಾರಿ ತೊಳದಾಕಿ ನಾನಲ್ಲೇನ್ರಿ?"

ಅವನಿಗೆ ಅದು ಕೇಳಿಸಲಿಲ್ಲ. ಅಥವಾ ಕೇಳಿಸಿದ್ದರಲ್ಲಿ ತನಗೆ ಬೇಕಾದಷ್ಟನ್ನೇ ಹಿಡಿದುಕೊಂಡ. ವಾರದೊಳಗೆ ಚಾಳಿಗೆಲ್ಲ ಸುದ್ದಿಯಾಯಿತು. "ನಮ್ಮಾಕಿ ಡಾರ್ಕ್ ರೂಮಿನ್ಯಾಗ ನಿದ್ದಿ ಹೊಡೀತಿದ್ಲಂತ್ರಿ!" ಎಂದು ಗೂಳಪ್ಪ ನಗುತ್ತಲೇ ಹೇಳಿದ್ದ. ಪಕ್ಕದ ಸಾವಿತ್ರಿಬಾಯಿ ನೀರಿಗೆ ನಿಂತಾಗ, "ಭಾಮಾಬಾಯಿ, ಒಳಗ ಎಸಿ ಹಾಕಿಸಿದ್ರೇನ್ರಿ?" ಎಂದು ಕಣ್ಣು ಮಿಟುಕಿಸಿದಳು. ಭಾಮಾ ಕತ್ತಲಲ್ಲಿ ಬೆರಳ ತುದಿಯಿಂದ ಕತ್ತರಿಸಿ ಸುತ್ತಿದ ಫಿಲ್ಮು, ಭೋಸರಿಯ ಗೇಟುಗಳನ್ನು ದಾಟಿ ಹೋದ ಆ ಸಾವಿರಾರು ಮುಖಗಳು, ಎಲ್ಲವೂ ಒಂದೇ ಮಾತಿಗೆ ಕೂತು ಕಳೆದ ಕಾಲವಾಗಿ ಹೋದವು. ಅದನ್ನು ಅಲ್ಲ ಎನ್ನಬಲ್ಲ ಒಬ್ಬನೇ ಮನುಷ್ಯ ಎಲ್ಲರಿಗಿಂತ ಮೊದಲು ನಕ್ಕಿದ್ದ.

ಆದರೂ ಗೂಳಪ್ಪ ಕೆಟ್ಟವನಲ್ಲ. ಒಂದು ಮುಂಜಾನೆ ಬಾಗಿಲು ಎತ್ತಿ ಹಿಡಿಯಲು ಅವಳನ್ನೇ ಕರೆದು, ಸ್ಕ್ರೂ ತಿರುಗಿಸಿದ. "ತಗೋ, ಕೂಡು" ಎಂದು ಅಂಗಡಿಗೆ ಹೋದ.

ಅಂದು ಶೀತಲ್‌ಗೆ ರಜೆ. ಮಧ್ಯಾಹ್ನ ಭಾಂಡೆಗಳನ್ನೆಲ್ಲ ತೊಳೆದಿಟ್ಟು ಭಾಮಾ ಒಳಗೆ ಹೋಗಿ ಚಿಲಕ ಹಾಕಿದಳು. ಮಷೀನಿಗೂ ಗೋಡೆಗೂ ನಡುವೆ ಮೊಣಕಾಲು ಮಡಚಿ ಕೂರುವಷ್ಟು ಜಾಗವಿತ್ತು. ಸೋಪಿನ ಪುಡಿಯ ವಾಸನೆ. ನಲ್ಲಿ ಬಿಡುವ ಅಗತ್ಯವಿರಲಿಲ್ಲ. ಅವಳು ಒಳಗೆ ಏನೂ ಮಾಡುತ್ತಿಲ್ಲ ಎಂಬುದು ಈಗ ಊರಿಗೆಲ್ಲ ಗೊತ್ತು.

ಸ್ವಲ್ಪ ಹೊತ್ತಿಗೇ ಬಾಗಿಲು ತಟ್ಟಿದ ಸದ್ದಾಯಿತು.

"ಅವ್ವಾ? ಆರಾಮ ಅದಿಯಲ್ಲ?"

"ಹೂಂ."

"ಏನ್ ಮಾಡಾಕತ್ತಿ?"

ಇಷ್ಟು ವರ್ಷ ಆ ಬಾಗಿಲ ಆಚೆಯಿಂದ ಯಾರೂ ಕೇಳದಿದ್ದ ಪ್ರಶ್ನೆ. ಹೇಳಲು ಫಿಲ್ಮು ಇರಲಿಲ್ಲ.

"ಕುಂತೀನಿ."

ಮರಳಿ ಕೂಡಿಸುವಾಗ ಬಾಗಿಲ ಕೆಳಗೆ ಉಳಿದ ಸಂದಿಯಲ್ಲಿ ಮಗಳ ಎರಡು ಕಾಲುಗಳ ನೆರಳು ಕಾಣುತ್ತಿತ್ತು. ಅದು ಹೋಗಲಿಲ್ಲ. ಮುಂದಿನ ಖೋಲಿಯಿಂದ ಪಾರವ್ವ ಕೂಗಿದಳು. "ಭಾಮಾ! ಏ ಭಾಮಾ! ನೀರ ತಾರವ್ವಾ!" ಭಾಮಾಳ ಕೈ ತಾನಾಗಿಯೇ ನೆಲಕ್ಕೆ ಊರಿತು. ಅವಳು ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಮುದುಕಿ ಮತ್ತೆ ಕೂಗಿದಳು, ಮತ್ತೊಮ್ಮೆ ಕೂಗಿದಳು.

ಕಾಲುಗಳು ಸರಿದವು.

"ತಡಿ ಅಜ್ಜಿ, ನಾ ಕೊಡ್ತೀನಿ" ಎಂಬ ಶೀತಲ್‌ಳ ದನಿ ಕೇಳಿಸಿತು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು, ಏನೋ ಉರುಳಿದ ಸದ್ದು. ಮಲಗಿದವಳ ಬಾಯಿಗೆ ಚೆಲ್ಲದಂತೆ ನೀರು ಹನಿಸುವ ಹಿತ್ತಾಳೆಯ ಗಿಂಡಿಯನ್ನು ಹುಡುಗಿ ಹುಡುಕುತ್ತಿದ್ದಳು. ಅದು ಎಲ್ಲಿದೆಯೆಂದು ಭಾಮಾಗೆ ಗೊತ್ತಿತ್ತು. ಹೇಳಲಿಲ್ಲ.