ರತ್ನಳನ್ನು ಕರೆತರಲು ಕುಂದಲಹಳ್ಳಿಗೆ

ಪೀಣ್ಯದಿಂದ ಮೆಜೆಸ್ಟಿಕ್ಕಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನನಗೆ ಸುಲಭವಾಗಿ ಸೀಟು ಸಿಕ್ಕಿತು. ಆ ಹೊತ್ತಿಗೆ ಕಾರ್ಖಾನೆಗಳ ಕಡೆಗೆ ಬರುವವರೇ ಎಲ್ಲ, ಅಲ್ಲಿಂದ ಹೋಗುವವರು ಕಡಿಮೆ. ಎಂಬತ್ತರ ದಶಕದ ನಡುವಿನ ಒಂದು ಡಿಸೆಂಬರ್ ಶುಕ್ರವಾರ. ಶಾಲೆಗೆ ರಜಾ ಹಾಕಿ, ಸ್ವೆಟರ್ ತೊಟ್ಟು, ನಾನು ಪಾಠ ಮಾಡುವ ಏಳನೇ ತರಗತಿಯ ರತ್ನಳನ್ನು ಕರೆತರಲು ಕುಂದಲಹಳ್ಳಿಗೆ ಹೊರಟಿದ್ದೆ.

ರತ್ನ ಶಾಲೆಗೆ ಬಾರದೆ ತಿಂಗಳ ಮೇಲಾಗಿತ್ತು. ದಾರಿಯ ಸೈಕಲ್ ಅಂಗಡಿಯವನೊಬ್ಬ ಸಂಜೆ ಅವಳಿಗೆ ಅಡ್ಡ ನಿಂತು ಕೈ ಹಿಡಿದು ಎಳೆಯುತ್ತಿದ್ದ. ಅವಳು ಧೈರ್ಯ ಮಾಡಿ ಅದನ್ನು ನನಗೆ ಹೇಳಿದಳು, ನಾನು ಹೆಡ್ಮಾಸ್ತರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ. ಆದರೆ ಕೆಲವು ಒಳ್ಳೆಯವರಿಂದ ದೇವರೇ ಕಾಪಾಡಬೇಕು. ಅಂಗಡಿಯವನನ್ನು ವಿಚಾರಿಸುವ ಬದಲು ಹುಡುಗಿಯ ಅಪ್ಪನನ್ನು ಕರೆಸಿ, "ಮಗಳು ಬೆಳೀತಿದ್ದಾಳೆ, ಸ್ವಲ್ಪ ಹುಷಾರಾಗಿ ನೋಡ್ಕೊಳ್ರೀ" ಎಂದರು. ಲೇತ್ ಮಷೀನಿನ ಕೆಲಸಗಾರನಾದ ಅಪ್ಪ ತಲೆ ತಗ್ಗಿಸಿಕೊಂಡು ಹೋದ. ಮುಂದಿನ ಭಾನುವಾರವೇ ಮಗಳನ್ನು ತನ್ನ ತಾಯಿಯ ಊರಾದ ಕುಂದಲಹಳ್ಳಿಗೆ ಬಿಟ್ಟುಬಂದ. ಸೈಕಲ್ ಅಂಗಡಿ ಮಾತ್ರ ಎಂದಿನಂತೆ ನಡೆಯುತ್ತಿತ್ತು.

ಅವಳಿಲ್ಲದ ತರಗತಿಗೆ ಹೋಗಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಪಾಠದ ನಡುವೆ ಎದ್ದು "ಯಾಕೆ ಮಿಸ್?" ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಉಳಿದವರು, ಭೂಮಿ ಚಪ್ಪಟೆ ಎಂದರೂ ಬರೆದುಕೊಳ್ಳುವ ಸಾಧುಗಳು. ನನಗೆ ಅವಳು ವಾಪಸ್ಸು ಬೇಕಿತ್ತು. ದಿನಾ ಸಂಜೆ ನಾನೇ ಅವಳನ್ನು ಮನೆಯವರೆಗೆ ಬಿಡುವುದೆಂದು ನಿರ್ಧರಿಸಿದ್ದೆ. ಅವಳ ತಾಯಿಯನ್ನು ನಲ್ಲಿಯ ಹತ್ತಿರ ಕಂಡು ಅಜ್ಜಿಯ ಹೆಸರು ತಿಮ್ಮಕ್ಕ ಎಂದು ತಿಳಿದುಕೊಂಡಿದ್ದೆ.

ಮೆಜೆಸ್ಟಿಕ್ಕಿನಲ್ಲಿ ಇಡ್ಲಿ ತಿಂದು ವೈಟ್‌ಫೀಲ್ಡ್ ಬಸ್ಸು ಹತ್ತಿದೆ. ವಿಮಾನ ಕಾರ್ಖಾನೆ ದಾಟಿದ ಮೇಲೆ ಗಾಳಿ ತಣ್ಣಗಾಯಿತು. ಮಾರತಹಳ್ಳಿ ಕಳೆದರೆ ರಸ್ತೆಯ ತುಂಬ ಹುರುಳಿ ಹರಡಿದ್ದರು, ಬಸ್ಸಿನ ಚಕ್ರ ಹರಿದು ಕಾಳು ಬಿಡಲಿ ಎಂದು. "ಇವರ ಕಣ ಮಾಡೋದೂ ನಮ್ ಡ್ಯೂಟಿ ಕಣಮ್ಮ, ಸಂಬಳ ಮಾತ್ರ ಜಾಸ್ತಿ ಇಲ್ಲ" ಎಂದ ಕಂಡಕ್ಟರು. ಕುಂದಲಹಳ್ಳಿ ಗೇಟಿನಲ್ಲಿ ಇಳಿದು, ದ್ರಾಕ್ಷಿ ತೋಟದ ಬೇಲಿ ಹಿಡಿದು ಊರೊಳಗೆ ನಡೆದೆ. ಬಿಸಿಲಿಗೆ ಸ್ವೆಟರ್ ಕೈಗೆ ಬಂತು. ತಿಮ್ಮಕ್ಕನ ಮನೆ ಎಂದರೆ ಎಲ್ಲರೂ ಕೈ ತೋರಿಸಿದರು.

ರತ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆಯೇ.

ಅಜ್ಜಿ ತಿಮ್ಮಕ್ಕ ಚಾಪೆ ಹಾಸಿದಳು. "ಓದೋಕೆ ಇಷ್ಟ ಇಲ್ವಂತಲ್ಲ ಮೇಡಮ್ಮೋರೆ, ಅದ್ಕೇ ಬಿಟ್ಟೋಯ್ತೀನಿ ಅಂದ ನನ್ ಮಗ."

ಮಗ ತಾಯಿಗೂ ನಿಜ ಹೇಳಿರಲಿಲ್ಲ. ನಾನು ರತ್ನಳ ಹತ್ತಿರ ಬಗ್ಗಿ, "ಅಜ್ಜಿಗೆ ಹೇಳಲಾ?" ಎಂದು ಕೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು. ಹೇಳಿದೆ.

ತಿಮ್ಮಕ್ಕ, "ಆ ಬೇವರ್ಸೀನ ಊರು ಬಿಡ್ಸೋದು ಬಿಟ್ಟು ನನ್ ಮೊಮ್ಮಗಳ್ನ ಬಿಡ್ಸವ್ರಾ? ಇದ್ಯಾವ ನ್ಯಾಯ?" ಎಂದು ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. ಆ ಮಾತನ್ನು ನಮ್ಮ ಶಾಲೆಯಲ್ಲಿ ಒಬ್ಬರೂ ಆಡಿರಲಿಲ್ಲ.

ಮುದ್ದೆ, ಅವರೆಕಾಳಿನ ಸಾರು ಆಯಿತು. ಊಟದ ಮೇಲೆ ನಾನು ಬಂದ ವಿಷಯ ಎತ್ತಿದೆ.

"ಬಾ ರತ್ನ, ಇವತ್ತೇ ಹೋಗೋಣ. ದಿನಾ ನಾನೇ ಮನೇವರೆಗೂ ಬಿಡ್ತೀನಿ."

"ಅವನು ಇನ್ನೂ ಅಲ್ಲೇ ಇದಾನಾ ಮಿಸ್?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇದಾನೆ" ಎಂದೆ.

"ನೀವು ರಜಾ ಹಾಕಿದ ದಿನ?"

ಅವತ್ತೇ ನಾನು ರಜಾ ಹಾಕಿ ಬಂದಿದ್ದೆ. ಕಳಿಸಿದವರೂ ಅವಳನ್ನು ಕೇಳಿರಲಿಲ್ಲ, ಕರೆಯಲು ಬಂದ ನಾನೂ ಕೇಳಿರಲಿಲ್ಲ. "ನಿನಗೇನು ಬೇಕು, ಹೇಳು" ಎಂದೆ.

ಅವಳು ಎದುರಿಗೆ ಬೆರಳು ತೋರಿಸಿದಳು. ಹುಣಸೆಮರದ ಆಚೆ ಹೆಂಚಿನ ಸರ್ಕಾರಿ ಶಾಲೆ. "ಓದ್ತೀನಿ ಮಿಸ್. ಇಲ್ಲೇ."

"ಇಲ್ಲಿ ಕುಂತ್ರೆ ಇಸ್ಕೂಲ್ ಬಾಗ್ಲು ಕಾಣ್ತದೆ" ಎಂದಳು ತಿಮ್ಮಕ್ಕ. "ನನ್ ಮಗನ್ನ ನಾನ್ ನೋಡ್ಕೋತೀನಿ, ನಡೀರಿ, ಸೇರ್ಸಿ ಬರಾನ."

ಮೂವರೂ ಹೋದೆವು. ಏಳನೇ ತರಗತಿಗೆ ಪಾಠ ಮಾಡುತ್ತಿದ್ದವಳು ನನಗಿಂತ ಚಿಕ್ಕ ವಯಸ್ಸಿನ ಟೀಚರು. ಆಕೆಯನ್ನು ಹೊರಗೆ ಕರೆದು ನಡೆದದ್ದನ್ನು ಹೇಳಿದೆ. ಆಕೆ ಹುಡುಗಿಯ ಎದುರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಕಾಗದಪತ್ರ ಆಮೇಲೆ ಕಳಿಸಿ. ಈಗಲೇ ಬಂದು ಕೂತ್ಕೊಳ್ಳಲಿ" ಎಂದು ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟಳು. ನನಗೆ ಆಕೆ ಇಷ್ಟವಾದಳು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಬಾಗಿಲಲ್ಲಿ ನಿಂತೇ ರತ್ನಳಿಗೆ ಹೋಗಿಬರುತ್ತೇನೆಂದು ಹೇಳಿ ಅಂಗಳಕ್ಕಿಳಿದೆ. ಒಳಗೆ ಪಾಠ ಮತ್ತೆ ಶುರುವಾಯಿತು. ಹುಣಸೆಮರದವರೆಗೆ ಬಂದಿದ್ದೆನೋ ಇಲ್ಲವೋ, ಹಿಂದಿನಿಂದ ಅವಳ ದನಿ ಕೇಳಿತು.

"ಯಾಕೆ ಮಿಸ್?"

ಥಟ್ಟನೆ ತಿರುಗಿದೆ. ಕಿಟಕಿಯಲ್ಲಿ ಅವಳ ಜಡೆ ಕಾಣುತ್ತಿತ್ತು. ಕೈ ಎತ್ತಿಕೊಂಡು, ಕರಿಹಲಗೆಯ ಕಡೆ ಮುಖ ಮಾಡಿ ನಿಂತಿದ್ದಳು. ಉತ್ತರ ಹೇಳಬೇಕಾದವಳು ನಾನಲ್ಲ.